ಹೊರಗೆ ಮಲಗುವ ನಾಯಿಗೆ ಚಳಿಗಾಲದ ಗೂಡು

ಬೀದರ್, ವಿಜಯಪುರದ ಕಡೆ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಅಂಗಳದ ನಾಯಿಗೆ ನೆಲದ ತಂಪು, ಗಾಳಿ, ಒದ್ದೆ ಈ ಮೂರೂ ಸೇರಿದರೆ ಕಷ್ಟ.

ಗೂಡು ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ನಾಯಿಯ ಮೈಬಿಸಿಯೇ ಗೂಡನ್ನು ಕಾಯಿಸಬೇಕು. ಸಾಧಾರಣ ನಾಟಿನಾಯಿಗೆ 3 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಎತ್ತರ ಸಾಕು. ಒಳಗೆ ನಿಂತು ಸುತ್ತು ತಿರುಗುವಂತಿದ್ದರಾಯಿತು. ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ನೆಲದಿಂದ 4 ಇಂಚು ಎತ್ತರಿಸಿ. ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಬಾಗಿಲು ತೆಂಕಣಕ್ಕಿರಲಿ, ಅದಕ್ಕೊಂದು ಗೋಣಿ ಪರದೆ ಇಳಿಬಿಡಿ. ತಗಡಿನ ಮಾಡಾದರೆ ಒಳಮೈಗೆ ರಟ್ಟು ಹೊಡೆಯಿರಿ. ಇಲ್ಲವಾದರೆ ನಾಯಿಯ ಉಸಿರಿನ ತೇವ ತಗಡಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಹಾಗಂತ ಗಾಳಿಯಾಡುವ ಸಂದು ಪೂರ್ತಿ ಮುಚ್ಚಬೇಡಿ.

ಹಾಸಿಗೆಗೆ ಹಳೆಯ ಕೌದಿಗಿಂತ ಒಣ ಭತ್ತದ ಹುಲ್ಲು ಮೇಲು. ಕೌದಿ ತೇವ ಹೀರಿ ಹಿಡಿದಿಟ್ಟುಕೊಂಡು ಮೈ ತಣ್ಣಗಾಗಿಸುತ್ತದೆ; ಹುಲ್ಲಿನ ನಡುವೆ ನಿಂತ ಗಾಳಿ ಬಿಸಿ ಕಾಯುತ್ತದೆ. 6 ಇಂಚು ದಪ್ಪ ಹಾಕಿ, ವಾರಕ್ಕೊಮ್ಮೆ ಬದಲಿಸಿ, ಉಣ್ಣೆ ಹುಳು ಸೇರಿದೆಯೇ ನೋಡಿ.

ಗೂಡಿನೊಳಗೆ ಕೆಂಡದ ಬಾಣಲೆ ಬೇಡವೇ ಬೇಡ, ಹೊಗೆಯಿಲ್ಲದಿದ್ದರೂ ಅದರ ವಿಷಾನಿಲ ಕೊಲ್ಲುತ್ತದೆ. ಮರಿಗಳಿದ್ದರೆ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ, ದೂರ ಸರಿಯಲು ಜಾಗ ಬಿಟ್ಟಿಡಿ.

ನಡುಕ ನಿಂತು ನಾಯಿ ಮಂಕಾದರೆ ಸುಧಾರಿಸಿತೆಂದುಕೊಳ್ಳಬೇಡಿ, ಅದು ಅಪಾಯ. ಒಣ ಬಟ್ಟೆ ಹೊದಿಸಿ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ.