ತಾಮ್ರದ ಕೊಡಲಿ, ಕಂಚಿನ ಕೊಡಲಿ: ಎರಡನ್ನೂ ಎರಕ ಹೊಯ್ದ ನನ್ನ ಅನುಭವ

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನನ್ನ ಕೆಲಸ. ದಿನವಿಡೀ ಬೀಡುಕಬ್ಬಿಣ, ಪಂಪಿನ ಬಿಡಿಭಾಗಗಳು. ಕಂಚಿನ ಯುಗ ಅಂದರೆ ಶಾಲೆಯಲ್ಲಿ ಓದಿದ ಒಂದೇ ಸಾಲು: ತಾಮ್ರಕ್ಕೆ ತವರ ಸೇರಿಸಿದರೆ ಗಟ್ಟಿಯಾಗುತ್ತದೆ. ಸರಿ, ಆದರೆ ಬರೀ ಅಷ್ಟಕ್ಕೇ ಜನ ಅಷ್ಟು ಕಷ್ಟಪಟ್ಟರಾ? ಸುಮಾರು 4000 ವರ್ಷದ ಹಿಂದೆ ಈಗಿನ ಇರಾಕಿನಲ್ಲಿದ್ದ ಅಸ್ಸೂರ್ ಪಟ್ಟಣದ ವ್ಯಾಪಾರಿಗಳು ಈಗಿನ ಟರ್ಕಿಯಲ್ಲಿರುವ ಕಾನೇಶ್‌ಗೆ ಕತ್ತೆಗಳ ಮೇಲೆ ತವರ ಹೇರಿಕೊಂಡು ಹೋಗುತ್ತಿದ್ದರು. ದಾರಿ ಸಾವಿರ ಕಿಲೋಮೀಟರ್. ಆ ವ್ಯಾಪಾರದ ಲೆಕ್ಕ, ಸಾಲ, ಮನೆಜಗಳ ಎಲ್ಲ ಬರೆದಿಟ್ಟ ಮಣ್ಣಿನ ಫಲಕಗಳೇ 20,000ಕ್ಕಿಂತ ಜಾಸ್ತಿ ಸಿಕ್ಕಿವೆ. ಒಂದೇ ಅಳತೆಯ ಕೊಡಲಿಯನ್ನು ಒಮ್ಮೆ ಬರೀ ತಾಮ್ರದಲ್ಲಿ, ಒಮ್ಮೆ ಕಂಚಿನಲ್ಲಿ ಎರಕ ಹೊಯ್ದು ನೋಡೋಣ ಅಂತ ಹೊರಟಿದ್ದು ಈ ಪ್ರಶ್ನೆ ಹಿಡಿದುಕೊಂಡೇ.

ಅಳತೆಗೆ ಓಟ್ಜಿಯ ಕೊಡಲಿಯನ್ನು ಆರಿಸಿಕೊಂಡೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಆ ಮನುಷ್ಯ ಸತ್ತು 5000 ವರ್ಷಕ್ಕೂ ಮೇಲಾಗಿತ್ತು. ಅವನ ಕೊಡಲಿಯ ಅಲಗು ಒಂಬತ್ತೂವರೆ ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಶುದ್ಧ ತಾಮ್ರ. ಚಿಕ್ಕದು, ಸರಳ ಆಕಾರ. ನನ್ನಂಥವನಿಗೆ ಸಾಕು.

ತಾಮ್ರ ಸಿಗುವುದು ಸುಲಭ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಹಳೆಯ ತಂತಿ ತಂದೆ. ತವರಕ್ಕೆ ಕಲಾಯಿ ಹಾಕುವವರ ಹತ್ತಿರ ಹೋದೆ. "ಭಾಂಡೆ ಎಲ್ಲಿ ಅದಾವ್ರಿ?" ಅಂತ ಕೇಳಿದರು. ಪಾತ್ರೆ ಇಲ್ಲ, ತವರ ಅಷ್ಟೇ ಬೇಕು ಅಂದಾಗ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಒಂದು ಕಡ್ಡಿ ತೆಗೆದು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕಿರಕಿರ ಸದ್ದು ಬಂತು. ಶುದ್ಧ ತವರದ ಗುರುತು ಅದು, ಒಳಗಿನ ಹರಳುಗಳು ಜರುಗುವ ಸದ್ದು. ಸೀಸವನ್ನು ಎಷ್ಟು ಬಗ್ಗಿಸಿದರೂ ಸದ್ದಿಲ್ಲ.

ಅಚ್ಚನ್ನು ಬಳಪದ ಕಲ್ಲಿನಲ್ಲಿ ಕೊರೆದೆ. ಹಳೆಯ ಕಾಲದ ಕಲ್ಲಿನ ಅಚ್ಚುಗಳು ಎಷ್ಟೋ ಕಡೆ ಸಿಕ್ಕಿವೆ, ಬಳಪದ ಕಲ್ಲು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಉಳಿಗೆ ಬಗ್ಗುತ್ತದೆ, ಬೆಂಕಿಗೆ ಸೀಳುವುದಿಲ್ಲ. ಆದರೂ ಹೊಯ್ಯುವ ಮುಂಚೆ ಅಚ್ಚನ್ನು ಚೆನ್ನಾಗಿ ಕಾಯಿಸಲೇಬೇಕು. ಒಂದು ಹನಿ ಪಸೆ ಉಳಿದರೂ ಆವಿಯಾಗಿ ಲೋಹ ಮುಖಕ್ಕೇ ಚಿಮ್ಮುತ್ತದೆ. ಫೌಂಡ್ರಿಯಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು.

ಕುಲುಮೆಗೆ ಇದ್ದಿಲು, ಗಾಳಿಗೆ ಬ್ಲೋವರ್. ಇಲ್ಲಿ ನಾನು ಹಳೆಯ ದಾರಿ ಬಿಟ್ಟೆ, ನಾಚಿಕೆಯೇನೂ ಇಲ್ಲ. ಹಳೆಯ ಈಜಿಪ್ಟಿನ ಮಂತ್ರಿ ಮೆರೆರುಕನ ಸಮಾಧಿಯ ಗೋಡೆಯಲ್ಲಿ ಕೆಲಸಗಾರರು ಕೊಳವೆ ಬಾಯಿಗಿಟ್ಟು ಬೆಂಕಿ ಊದುವ ಚಿತ್ರವಿದೆ. ಅದಾದ ಎಷ್ಟೋ ಶತಮಾನದ ನಂತರದ ರೆಖ್ಮಿರೆಯ ಸಮಾಧಿಯಲ್ಲಿ ತಿದಿಯನ್ನು ಕಾಲಲ್ಲಿ ತುಳಿಯುತ್ತಾರೆ, ಲೋಹ ಕರಗಿಸುವ ಮೂಸೆಯನ್ನು ಎರಡು ಕೋಲುಗಳ ನಡುವೆ ಹಿಡಿದು ಎತ್ತುತ್ತಾರೆ. ನನ್ನ ಕೈಯಲ್ಲಿ ಕಬ್ಬಿಣದ ಉದ್ದ ಇಕ್ಕಳ ಇದ್ದೂ ತೋಳು ಸುಡುತ್ತಿತ್ತು. ಅವರು ಹೇಗೆ ಮಾಡಿದರೋ!

ಮೊದಲು ತಾಮ್ರ. ಅದು ಕರಗುವುದು 1085 ಡಿಗ್ರಿಯಲ್ಲಿ. ಬೀಡುಕಬ್ಬಿಣಕ್ಕೆ ಇದಕ್ಕಿಂತ ಜಾಸ್ತಿ ಕಾವು ಬೇಕು, ಹಾಗಾಗಿ ಕಾವಿನ ವಿಷಯದಲ್ಲಿ ನನಗೆ ಭಯವಿರಲಿಲ್ಲ. ತೊಂದರೆ ಬೇರೆ. ಕರಗಿದ ತಾಮ್ರ ಗಾಳಿಯನ್ನು ಹೀರುತ್ತದೆ. ಮೇಲೆ ಇದ್ದಿಲ ಪುಡಿ ಮುಚ್ಚಿದ್ದರೂ ಹೊಯ್ಯುವಾಗ ಹೀರುವುದು ತಪ್ಪುವುದಿಲ್ಲ. ಅಚ್ಚಿಗೆ ಬಿದ್ದ ತಾಮ್ರ ದಪ್ಪಗೆ, ಸೋಮಾರಿಯಂತೆ ಹರಿಯಿತು. ಮೂಲೆ ತುಂಬುವ ಮುಂಚೆಯೇ ಮೇಲೆ ಕೆನೆ ಕಟ್ಟಿತು. ಆರುತ್ತಾ ಆರುತ್ತಾ ಒಳಗಿನ ಗಾಳಿ ಹೊರಬರಲು ನೋಡಿ ಮೇಲ್ಮೈ ಉಬ್ಬಿತು, ಸಣ್ಣ ಸಣ್ಣ ಗುಳ್ಳೆ. ತೆರೆದ ಅಚ್ಚಾದ್ದರಿಂದ ಬಚಾವು. ಅದೇ ತಾಮ್ರವನ್ನು ಎರಡು ಹೋಳಿನ ಮುಚ್ಚಿದ ಅಚ್ಚಿಗೆ ಹೊಯ್ದಾಗ ಗಾಳಿಗೆ ದಾರಿಯೇ ಇಲ್ಲದೆ ತುಂಡು ಒಳಗೊಳಗೇ ತೂತಾಗಿತ್ತು. ಗರಗಸದಲ್ಲಿ ಸೀಳಿದಾಗ ಕಂಡಿತು.

ಆಮೇಲೆ ಕಂಚು. ಅರ್ಧ ಕೆಜಿ ಲೋಹದಲ್ಲಿ 50 ಗ್ರಾಂ ತವರ. ತಾಮ್ರ ಪೂರ್ತಿ ಕರಗಿದ ಮೇಲೆ, ಹೊಯ್ಯುವ ಕೊನೆಗಳಿಗೆಯಲ್ಲಿ ತವರ ಹಾಕಬೇಕು. ಮುಂಚೆ ಹಾಕಿದರೆ ಒಂದು ಪಾಲು ಸುಟ್ಟು ಬೂದಿಯಾಗಿ ಹೋಗುತ್ತದೆ. ಹಾಕಿ, ಒಣಗೋಲಿನಿಂದ ಒಮ್ಮೆ ಕಲಕಿ, ಹೊಯ್ದೆ. ಇಷ್ಟು ವರ್ಷ ಲೋಹ ಹೊಯ್ದವನಿಗೂ ಆ ಬದಲಾವಣೆ ನೋಡಿ ಆಶ್ಚರ್ಯವಾಯಿತು. ಅದೇ ಮೂಸೆ, ಅದೇ ಬೆಂಕಿ, ಆದರೆ ಲೋಹ ತೆಳ್ಳಗೆ ಹರಿದು ಅಚ್ಚಿನ ಮೂಲೆಮೂಲೆಗೂ ಹೋಯಿತು. ತಾಮ್ರ ಹೀರಿಕೊಂಡ ಆಮ್ಲಜನಕವನ್ನು ತವರ ಎಳೆದುಕೊಳ್ಳುತ್ತದೆ, ಹಾಗಾಗಿ ಗುಳ್ಳೆ ಕಡಿಮೆ. ಕರಗುವ ಮಟ್ಟವೂ ಇಳಿದು ಸಾವಿರ ಡಿಗ್ರಿಯ ಹತ್ತಿರ ಬರುತ್ತದೆ, ಹಾಗಾಗಿ ಹೊಯ್ಯಲು ಇನ್ನಷ್ಟು ಹೊತ್ತು ಸಿಗುತ್ತದೆ. ಮುಚ್ಚಿದ ಅಚ್ಚು ಬಿಚ್ಚಿದರೆ ನನ್ನ ಉಳಿಯ ಗೆರೆಗಳು ಕೂಡ ಅಲಗಿನ ಮೇಲೆ ಹಾಗೇ ಮೂಡಿದ್ದವು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಪಾಠದಲ್ಲಿ ಹೇಳುವ ಗಟ್ಟಿತನ ಅರ್ಧ ಮಾತು. ತವರದ ದೊಡ್ಡ ಉಪಕಾರ ಎರಕಕ್ಕೆ. ಹಿಡಿ ಕೂರಿಸುವ ತೂತಿರುವ ಕೊಡಲಿ, ಉದ್ದ ಕತ್ತಿ, ಟೊಳ್ಳು ಮೂರ್ತಿ, ಇವನ್ನೆಲ್ಲ ಬರೀ ತಾಮ್ರದಲ್ಲಿ ಚೆನ್ನಾಗಿ ಹೊಯ್ಯುವುದು ಬಲು ಕಷ್ಟ. ಟರ್ಕಿ ಕರಾವಳಿಯ ಉಲುಬುರುನ್ ಹತ್ತಿರ ಕ್ರಿ.ಪೂ. 14ನೇ ಶತಮಾನದ ಕೊನೆಗೆ ಮುಳುಗಿದ ಹಡಗಿನಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಇತ್ತು. ನಾನು ತೂಗಿ ಹಾಕಿದ್ದೂ ಹೆಚ್ಚುಕಡಿಮೆ ಅದೇ ಪ್ರಮಾಣ. ತವರ ಸಿಗುವ ಜಾಗ ಕಡಿಮೆ. ಸಿಂಧೂ ಕಣಿವೆಯವರ ತಾಮ್ರದ ಸಾಮಾನುಗಳಲ್ಲೂ ಬಹುಪಾಲು ತವರವೇ ಇಲ್ಲದ್ದು ಅಥವಾ ತೀರಾ ಕಡಿಮೆ ಇದ್ದದ್ದು. ಹಾಗೆಂದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಇದ್ದಷ್ಟನ್ನು ಬೇಕಾದಲ್ಲಿ ಬಳಸಿರಬೇಕು ಅನ್ನುವುದು ನನ್ನ ಅಂದಾಜು.

ಇನ್ನು ಬಡಿಯುವ ಕೆಲಸ. ಎರಡೂ ಅಲಗಿನ ಬಾಯಿಯನ್ನು ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದೆ. ಬಡಿದಷ್ಟೂ ಗಟ್ಟಿಯಾಗುತ್ತದೆ, ಜಾಸ್ತಿ ಬಡಿದರೆ ಸೀಳುತ್ತದೆ. ಆಗ ಮಂದ ಕೆಂಪಾಗುವಷ್ಟು ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಹಾಕಿದರೂ ಮೆತ್ತಗೇ ಇರುತ್ತದೆ! ಉಕ್ಕಿನಲ್ಲಿ ಪಳಗಿದ ಕೈಗೆ ಇದು ಪೂರಾ ಉಲ್ಟಾ. ಗಟ್ಟಿತನ ಅಳೆಯುವ ವಿಕರ್ಸ್ ಅಳತೆಯಲ್ಲಿ ಮೆದು ತಾಮ್ರ 50ರ ಸುತ್ತಮುತ್ತ, ಬಡಿದರೆ 100 ದಾಟುತ್ತದೆ. ಹತ್ತು ಪಾಲಿಗೆ ಒಂದು ಪಾಲು ತವರ ಇರುವ ಕಂಚು ಬಡಿದ ಮೇಲೆ 200ನ್ನೂ ದಾಟುತ್ತದೆ.

ಜಾಲಿಮರದ ಕೊಂಬೆ ಕಡಿದು ನೋಡಿದೆ. ತಾಮ್ರದ ಬಾಯಿ ಬೇಗ ಮಡಚಿತು, ಮತ್ತೆ ಬಡಿದು ನೆಟ್ಟಗೆ ಮಾಡಬೇಕಾಯಿತು. ಆದರೂ ಕಡಿಯಿತು, ಓಟ್ಜಿ ಅದನ್ನು ಸುಮ್ನೆ ಹೊತ್ತು ತಿರುಗಲಿಲ್ಲ. ಕಂಚಿನದು ಕೊಂಬೆ ಮುಗಿಯುವವರೆಗೂ ನಿಂತಿತು. ನಿಜ ಹೇಳಬೇಕೆಂದರೆ ಇಂಗಾಲ ಹಿಡಿಯದ ಮೆದುಕಬ್ಬಿಣ ಬಡಿದ ಕಂಚಿನಷ್ಟು ಗಟ್ಟಿ ಅಲ್ಲ. ಆದರೆ ಕಬ್ಬಿಣದ ಅದಿರು ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಕತ್ತೆ ಬೇಡ, ಹಡಗು ಬೇಡ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲೇ ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣದ ಸಾಮಾನು ಸಿಕ್ಕಿದೆಯಲ್ವಾ.

ಯಾರಾದರೂ ಮಾಡಿ ನೋಡುವುದಿದ್ದರೆ ಎರಡು ಮಾತು. ತವರ ಸಿಗಲಿಲ್ಲ ಅಂತ ಬೆಸುಗೆಯ ತಂತಿ ಕರಗಿಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಗುಜರಿಯ ಹಿತ್ತಾಳೆಯೂ ಬೇಡ. ಅದರೊಳಗಿನ ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.