ಫುಟ್‌ಬಾಲ್ ಕ್ಲಬ್ಬಿನ ಅಸಲಿ ಮಾಲೀಕರನ್ನು ಹುಡುಕುವುದು ಹೇಗೆ?

ದಾವಣಗೆರೆಯಲ್ಲಿ ಒಂದು ಸೈಟು ಕೊಳ್ಳಬೇಕೆಂದರೆ ಯಾರೂ ಬಾಯಿಮಾತಿಗೆ ಮುಂಗಡ ಕೊಡುವುದಿಲ್ಲ. ಖಾತೆ ಯಾರ ಹೆಸರಲ್ಲಿದೆ, ಇ.ಸಿ. ತೆಗೆಸಿದ್ದೀರಾ, ಬ್ಯಾಂಕಿನಲ್ಲಿ ಅಡವಿದೆಯಾ, ಅಣ್ಣತಮ್ಮಂದಿರ ಪಾಲು ಆಗಿದೆಯಾ ಎಂದು ಕೇಳಿಯೇ ಕೇಳುತ್ತಾರೆ. ಅದೇ ಮನೆಯ ಹುಡುಗರು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಮಾತು ಬಂದರೆ ಎರಡು ನಿಮಿಷದ ವಿಡಿಯೊ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ನಾನು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಬೀದಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬಂದು, “ಅಂಕಲ್, ಮ್ಯಾಂಚೆಸ್ಟರ್ ಯುನೈಟೆಡ್ ಕೇಮನ್ ದ್ವೀಪದ ಕಂಪನಿಯಂತೆ, ಒಂದು ಪೈಸೆ ಟ್ಯಾಕ್ಸ್ ಕಟ್ಟಲ್ವಂತೆ” ಅಂದ. ಮೊದಲ ಮಾತು ನಿಜ, ಎರಡನೆಯದು ತಪ್ಪು. ಇಂಥ ಅರ್ಧ ಸತ್ಯ ಹಿಡಿದು ಜಗಳಕ್ಕೆ ನಿಲ್ಲುವವರನ್ನು ಬಹಳ ನೋಡಿದ್ದೇನೆ. ಹಾಗಾಗಿ ಈ ದಾರಿ.

ಬೇಕಾಗುವುದು ಒಂದು ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಇಂಟರ್ನೆಟ್. ಮೊಬೈಲ್‌ನಲ್ಲಿ ಮಾಡಬೇಡಿ, ಲೆಕ್ಕಪತ್ರದ ಸಣ್ಣ ಅಕ್ಷರ ಓದಲಾಗದೆ ಅರ್ಧಕ್ಕೇ ಬಿಡುತ್ತೀರಿ.

ಹೆಜ್ಜೆ 1: ಕ್ಲಬ್ಬಿನ ಜಾಲತಾಣದ ಅಡಿಭಾಗದಲ್ಲಿ ಅಥವಾ ಕಾನೂನು ವಿವರಗಳ ಪುಟದಲ್ಲಿ ಕಂಪನಿಯ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಹಾಳೆಯ ಕೆಳತುದಿಯಲ್ಲಿ ಬರೆದುಕೊಳ್ಳಿ. ಹೆಸರಿಗಿಂತ ಸಂಖ್ಯೆ ಮುಖ್ಯ. ಒಂದೇ ಬಗೆಯ ಹೆಸರಿನ ನಾಲ್ಕು ಕಂಪನಿಗಳಿರುತ್ತವೆ, ಸರ್ವೆ ನಂಬರ್ ಬಿಟ್ಟು ಹೊಲದ ಹೆಸರು ಹಿಡಿದು ಹೋದಂತಾಗುತ್ತದೆ.

ಹೆಜ್ಜೆ 2: ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ‘ಕಂಪನೀಸ್ ಹೌಸ್’ನ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ. ಎಲ್ಲ ದಾಖಲೆ ಉಚಿತ. ಇದೇ ದಾಖಲೆಗಳನ್ನು ಚಂದದ ಹೊದಿಕೆ ಹಾಕಿ ‘ಕಂಪನಿ ವರದಿ’ ಎಂದು ದುಡ್ಡಿಗೆ ಮಾರುವ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಅಲ್ಲಿ ಮೂರು ಕಡೆ ನೋಡಬೇಕು. ಮೊದಲನೆಯದು ನಿಯಂತ್ರಕರ ಪಟ್ಟಿ. 2016ರ ಏಪ್ರಿಲ್‌ನಿಂದ ಬ್ರಿಟಿಷ್ ಕಂಪನಿಗಳು ಶೇ 25ಕ್ಕಿಂತ ಹೆಚ್ಚು ಷೇರು ಅಥವಾ ಮತ ಇರುವವರ ಹೆಸರು ಕೊಡಬೇಕು. ನಾಲ್ವರು ಸರಿಯಾಗಿ ನಾಲ್ಕು ಪಾಲು ಮಾಡಿಕೊಂಡರೆ ಷೇರಿನ ಲೆಕ್ಕದಲ್ಲಿ ಯಾರೊಬ್ಬರೂ ಆ ಗೆರೆ ದಾಟುವುದಿಲ್ಲ ಎಂಬುದು ನೆನಪಿರಲಿ. ಎರಡನೆಯದು ಕಂಪನಿ ಮತ್ತು ಅದರ ಅಂಗಕಂಪನಿಗಳ ಒಟ್ಟು ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳು. ‘ಅಂತಿಮ ನಿಯಂತ್ರಕ’ ಯಾರೆಂದು ಹೇಳುವ ಟಿಪ್ಪಣಿ ಅಲ್ಲಿರುತ್ತದೆ, ಹಾಗಾಗಿ ನಾನು ಲೆಕ್ಕಪತ್ರವನ್ನು ಯಾವಾಗಲೂ ಹಿಂದಿನಿಂದ ಓದುತ್ತೇನೆ. ಮೂರನೆಯದು ಅಡಮಾನಗಳ ಪಟ್ಟಿ, ನಮ್ಮ ಇ.ಸಿ. ಇದ್ದಂತೆ. ಹುಡುಗರು ಇದನ್ನು ತೆರೆದೂ ನೋಡುವುದಿಲ್ಲ.

ಅಭ್ಯಾಸಕ್ಕೆ ಬ್ಲ್ಯಾಕ್‌ಬರ್ನ್ ರೋವರ್ಸ್ ತೆಗೆದುಕೊಳ್ಳಿ. 2010ರ ನವೆಂಬರ್‌ನಲ್ಲಿ ಅದನ್ನು ಕೊಂಡವರು ಪುಣೆಯ ವೆಂಕೀಸ್ ಕೋಳಿ ಉದ್ಯಮದವರು. ನಮ್ಮ ಜಿಲ್ಲೆಯ ಮೆಕ್ಕೆಜೋಳ ಹೋಗುವುದೂ ಕೋಳಿ ಆಹಾರದ ಕಾರ್ಖಾನೆಗಳಿಗೇ, ಆ ಲೋಕ ನಮಗೆ ದೂರದ್ದಲ್ಲ. ಕ್ಲಬ್ಬಿನಿಂದ ವೆಂಕೀಸ್ ಲಂಡನ್ ಲಿಮಿಟೆಡ್, ಅಲ್ಲಿಂದ ಪುಣೆ. ದ್ವೀಪದ ಗೊಡವೆಯೇ ಇಲ್ಲ. ಅರ್ಧ ಗಂಟೆಯಲ್ಲಿ ಕೈ ಪಳಗುತ್ತದೆ.

ಹೆಜ್ಜೆ 3: ಪ್ರತಿ ಕಂಪನಿಗೂ ಒಂದು ಚೌಕ ಬರೆದು, ಮೇಲಿನ ಚೌಕಕ್ಕೆ ಗೆರೆ ಎಳೆಯಿರಿ.

ಹೆಜ್ಜೆ 4: ಗೆರೆ ದ್ವೀಪಕ್ಕೆ ಹೋಗಿ ನಿಂತಾಗ. ಹತ್ತರಲ್ಲಿ ಒಂಬತ್ತು ಜನ ಸೋಲುವುದು ಇಲ್ಲೇ. ಕೇಮನ್, ಬಹಾಮಾಸ್, ಬ್ರಿಟಿಷ್ ವರ್ಜಿನ್ ದ್ವೀಪಗಳು, ಐಲ್ ಆಫ್ ಮ್ಯಾನ್, ಇವುಗಳಲ್ಲಿ ಯಾವುದಾದರೊಂದು ಹೆಸರು ಕಂಡ ಕೂಡಲೇ ಕೆಲವರು ‘ಕಪ್ಪುಹಣ’ ಎಂದು ಬರೆದು ಹಾಳೆ ಮಡಚುತ್ತಾರೆ. ಉಳಿದವರು ಇನ್ನು ಏನೂ ಸಿಗದೆಂದು ಕೈಚೆಲ್ಲುತ್ತಾರೆ. ಎರಡೂ ಅವಸರ.

ಮೊದಲು ದ್ವೀಪಕ್ಕೆ ಏಕೆ ಹೋಗುತ್ತಾರೆಂದು ತಿಳಿಯಿರಿ. ಕೇಮನ್‌ನಲ್ಲಿ ಕಂಪನಿಯ ಆದಾಯಕ್ಕೆ ತೆರಿಗೆ ಇಲ್ಲ, ಷೇರುದಾರರ ಪಟ್ಟಿ ಸಾರ್ವಜನಿಕರಿಗೆ ತೆರೆದಿಲ್ಲ. ಅಲ್ಲಿನ ಜಾರ್ಜ್‌ಟೌನ್‌ನಲ್ಲಿ ಉಗ್ಲ್ಯಾಂಡ್ ಹೌಸ್ ಎಂಬ ಐದು ಮಹಡಿಯ ಒಂದೇ ಕಟ್ಟಡದ ವಿಳಾಸದಲ್ಲಿ 18,857 ಕಂಪನಿ, ಸಂಸ್ಥೆಗಳು ನೋಂದಣಿಯಾಗಿದ್ದವೆಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2008ರಲ್ಲಿ ಹೇಳಿತು. ಅಲ್ಲಿ ಮೇಜು ಕುರ್ಚಿ ಹಾಕಿಕೊಂಡು ಅವೆಲ್ಲ ಕೂತಿಲ್ಲ, ಇರುವುದು ಕಾಗದ. ಆದರೆ ಕಾಗದ ಅಲ್ಲಿದ್ದ ಮಾತ್ರಕ್ಕೆ ತೆರಿಗೆಯೂ ಅಲ್ಲಿಗೇ ಹೋಯಿತೆಂದಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ಡನ್ನೇ ನೋಡಿ. ಮೇಲಿನ ಕಂಪನಿ ಕೇಮನ್‌ನಲ್ಲಿ ನೋಂದಣಿಯಾಗಿದೆ, 2012ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಅಮೆರಿಕದ ತೆರಿಗೆ ಮಟ್ಟಿಗೆ ತಾನು ಅಮೆರಿಕದ್ದೇ ಕಂಪನಿಯಂತೆ, ಬ್ರಿಟನ್ನಿನ ತೆರಿಗೆಯೂ ತನಗಿದೆ ಎಂದು ಕಂಪನಿಯೇ ತನ್ನ ದಾಖಲೆಯಲ್ಲಿ ಬರೆದಿದೆ.

ಈಗ ದ್ವೀಪದಿಂದ ಆಚೆ ದಾಟುವ ದಾರಿಗಳು.

ಕಂಪನಿ ಯಾವುದಾದರೂ ಷೇರುಪೇಟೆಯಲ್ಲಿದ್ದರೆ ನಿಮ್ಮ ಅದೃಷ್ಟ. ದ್ವೀಪ ಮುಚ್ಚಿಟ್ಟಿದ್ದನ್ನು ಷೇರುಪೇಟೆ ಬಿಚ್ಚಿಡುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿಯ ‘ಎಡ್ಗರ್’ ತಾಣದಲ್ಲಿ ಯುನೈಟೆಡ್‌ನ ‘20-ಎಫ್’ ವಾರ್ಷಿಕ ವರದಿ ತೆರೆದು ಏಳನೇ ವಿಭಾಗಕ್ಕೆ ಹೋಗಿ, ದೊಡ್ಡ ಷೇರುದಾರರ ಪಟ್ಟಿ ಅಲ್ಲಿದೆ. ಎ ವರ್ಗದ ಷೇರಿಗೆ ಒಂದು ಮತ, ಬಿ ವರ್ಗದ ಷೇರಿಗೆ 10 ಮತ. ಹಾಗಾಗಿ ಷೇರಿನ ಶೇಕಡಾ ಒಂದು ಕಂಬದಲ್ಲಿ, ಮತದ ಶೇಕಡಾ ಇನ್ನೊಂದರಲ್ಲಿ ಬೇರೆ ಬೇರೆ ಬರೆಯಿರಿ. 2024ರಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ನಾಲ್ಕನೇ ಒಂದಕ್ಕಿಂತ ಹೆಚ್ಚು ಪಾಲು ಕೊಂಡಿದ್ದು ಐಲ್ ಆಫ್ ಮ್ಯಾನ್‌ನ ಟ್ರಾಲರ್ಸ್ ಲಿಮಿಟೆಡ್ ಮೂಲಕ. ಅದೂ ಇದೇ ದಾಖಲೆಗಳಲ್ಲಿ ಹೆಸರು ಸಮೇತ ಇದೆ.

ಷೇರುಪೇಟೆಯಲ್ಲಿ ಇಲ್ಲದಿದ್ದರೆ ಸಾಲದ ಹಿಂದೆ ಹೋಗಿ. ಮಂಡಿಯಲ್ಲಿ ಬೆಳೆ ಯಾರದೆಂದು ಕೇಳುವುದಕ್ಕಿಂತ ದಲಾಲರು ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದಾರೆ ಎಂದು ಕೇಳಿದರೆ ನಿಜ ಬೇಗ ಗೊತ್ತಾಗುತ್ತದೆ, ಇಲ್ಲೂ ಹಾಗೆಯೇ. 2007ರಲ್ಲಿ ಲೀಡ್ಸ್ ಯುನೈಟೆಡ್ ದಿವಾಳಿ ಆಡಳಿತಕ್ಕೆ ಹೋದಾಗ ಅದಕ್ಕೆ ದೊಡ್ಡ ಸಾಲ ಕೊಟ್ಟಿದ್ದವರಲ್ಲಿ ಒಂದು ಬ್ರಿಟಿಷ್ ವರ್ಜಿನ್ ದ್ವೀಪಗಳ ಆಸ್ಟರ್ ಎಂಬ ಕಂಪನಿ. ಕ್ಲಬ್ಬಿನ ಆಗಿನ ಅಧ್ಯಕ್ಷ ಕೆನ್ ಬೇಟ್ಸ್ ಕಡೆಯವರಿಗೇ ಕ್ಲಬ್ಬು ಸಿಕ್ಕರೆ ಮಾತ್ರ ತನ್ನ ಬಾಕಿ ಬಿಡುತ್ತೇನೆಂದು ಅದು ನಿಂತಿತು. ಕ್ಲಬ್ಬು ಕೇಮನ್‌ನ ಫಾರ್ವರ್ಡ್ ಸ್ಪೋರ್ಟ್ಸ್ ಫಂಡ್ ಕೈಗೆ ಹೋಯಿತು. ಅದರ ಹಿಂದೆ ಯಾರಿದ್ದಾರೆಂದು ತಮಗೇ ಗೊತ್ತಿಲ್ಲವೆಂದು ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕ ಶಾನ್ ಹಾರ್ವೆ 2011ರಲ್ಲಿ ಬ್ರಿಟಿಷ್ ಸಂಸದೀಯ ಸಮಿತಿಯ ಮುಂದೆ ಹೇಳಿದರು. ಅದೇ ವರ್ಷ ಮೇ ತಿಂಗಳಲ್ಲಿ ಬೇಟ್ಸ್ ಕ್ಲಬ್ಬನ್ನು ಕೊಂಡರು. ಟಿಕೆಟ್ ಕೊಂಡು ಗ್ಯಾಲರಿ ತುಂಬುತ್ತಿದ್ದ ಜನರಿಗೆ ತಮ್ಮ ದುಡ್ಡು ಯಾರಿಗೆ ಸೇರುತ್ತಿದೆ ಎಂದು ಅಷ್ಟು ವರ್ಷ ಯಾರೂ ಹೇಳಲಿಲ್ಲ. ಇದು ನನಗೆ ಈಗಲೂ ಸಹಿಸಲಾಗದ ಅನ್ಯಾಯ.

ಮೂರನೆಯ ದಾರಿ ನೆಲ. ಕ್ರೀಡಾಂಗಣವೋ ತರಬೇತಿ ಮೈದಾನವೋ ವಿದೇಶಿ ಕಂಪನಿಯ ಹೆಸರಲ್ಲಿದ್ದರೆ, 2022ರ ಆಗಸ್ಟ್‌ನಿಂದ ಆ ಕಂಪನಿ ತನ್ನ ನಿಜವಾದ ಒಡೆಯರ ವಿವರವನ್ನು ಕಂಪನೀಸ್ ಹೌಸ್‌ನ ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು.

ಟ್ರಸ್ಟ್ ಎದುರಾದರೆ ನಿಧಾನಿಸಿ. ದೇವಸ್ಥಾನದ ಜಮೀನು ಹೇಗೆ ದೇವರ ಹೆಸರಲ್ಲಿರುತ್ತದೆ, ಧರ್ಮದರ್ಶಿಗಳು ಸಹಿ ಹಾಕುತ್ತಾರೆ, ಫಲ ಇನ್ನೊಬ್ಬರು ಉಣ್ಣುತ್ತಾರೆ, ಹಾಗೆಯೇ ಇಲ್ಲಿ ಮೂರು ಹೆಸರು ಬೇಕು: ಆಸ್ತಿ ಕೊಟ್ಟವರು, ನೋಡಿಕೊಳ್ಳುವವರು, ಫಲಾನುಭವಿಗಳು. ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬಿನ ಬಹುಪಾಲು ಷೇರು ಹಿಡಿದಿರುವ ಎನಿಕ್, ಬಹಾಮಾಸ್‌ನಲ್ಲಿ ನೋಂದಣಿಯಾದ ಕಂಪನಿ. 2022ರಲ್ಲಿ ಎನಿಕ್ ಹಿಂದಿದ್ದ ಉದ್ಯಮಿ ಜೋ ಲೂಯಿಸ್ ಹೆಸರು ಕ್ಲಬ್ಬಿನ ನಿಯಂತ್ರಕರ ಪಟ್ಟಿಯಿಂದ ಇಳಿಯಿತು, ಹಿಡಿತ ಕುಟುಂಬದ ಟ್ರಸ್ಟ್‌ಗೆ ಹೋಯಿತು. ಪಟ್ಟಿಯಲ್ಲಿ ಟ್ರಸ್ಟಿಯ ಹೆಸರು ಕಂಡರೆ ಅವರನ್ನೇ ಮಾಲೀಕರೆಂದು ಬರೆಯಬೇಡಿ.

ಕೊನೆಯ ದಾರಿ, ಅತಿ ಎಚ್ಚರದಿಂದ: ತನಿಖಾ ಪತ್ರಕರ್ತರ ಒಕ್ಕೂಟ ಐಸಿಐಜೆಯ ಉಚಿತ ದತ್ತಾಂಶ. ಪನಾಮಾ ಪೇಪರ್ಸ್ ಸೇರಿ ಹಲವು ಸೋರಿಕೆಗಳ ಎಂಟು ಲಕ್ಷಕ್ಕೂ ಹೆಚ್ಚು ಕಂಪನಿ, ಟ್ರಸ್ಟ್‌ಗಳು ಅದರಲ್ಲಿವೆ. ಹೆಸರು ಸಿಕ್ಕಿತೆಂದರೆ ಅಪರಾಧ ಸಿಕ್ಕಿತೆಂದಲ್ಲ. ಒಂದೇ ಹೆಸರಿನ ಇಬ್ಬರಿರಬಹುದು. ವಿಳಾಸ, ತಾರೀಖು, ಜೊತೆಗಿರುವ ಕಂಪನಿ, ಮೂರರಲ್ಲಿ ಎರಡಾದರೂ ಹೊಂದದಿದ್ದರೆ ನಿಮ್ಮ ಹಾಳೆಗೆ ಆ ಹೆಸರು ಬರಕೂಡದು. ಇಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ತಪ್ಪು ಹೆಸರನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಹಿಂದಕ್ಕೆ ತರಲಾಗುವುದಿಲ್ಲ.

ಹೆಜ್ಜೆ 5: ಪ್ರತಿ ಚೌಕದ ಪಕ್ಕ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ತೀರ್ಮಾನ ಯಾರದು, ಲಾಭ ಯಾರಿಗೆ, ಸಾಲ ಯಾರ ತಲೆ ಮೇಲೆ? 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 79 ಕೋಟಿ ಪೌಂಡ್‌ಗೆ ಕೊಂಡಾಗ ತಂದ ಸಾಲದ ದೊಡ್ಡ ಭಾಗ ಕ್ಲಬ್ಬಿನ ತಲೆಗೇ ಬಂತು. ಆ ಕ್ಲಬ್ಬಿನ ಅಭಿಮಾನಿಗಳನ್ನು ಹೆಚ್ಚು ಕಾಡಿದ್ದು ಕೇಮನ್‌ನ ನೋಂದಣಿಗಿಂತ ಈ ಸಾಲ.

ಹೆಜ್ಜೆ 6: ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ. 2024ರ ಡಿಸೆಂಬರ್‌ನಲ್ಲಿ ಎವರ್ಟನ್ ಕ್ಲಬ್ಬು ಫರ್ಹಾದ್ ಮೊಶಿರಿ ಅವರ ಐಲ್ ಆಫ್ ಮ್ಯಾನ್ ಕಂಪನಿಯಿಂದ ಅಮೆರಿಕದ ಫ್ರೀಡ್ಕಿನ್ ಗ್ರೂಪ್‌ಗೆ ಹೋಯಿತು. ಅದಕ್ಕೆ ಮುಂಚೆ ಬರೆದಿಟ್ಟ ಚೌಕಗಳನ್ನು ನಮ್ಮ ಬೀದಿಯ ಹುಡುಗ ಮೊನ್ನೆ ಹೊಸ ಹಾಳೆಯಲ್ಲಿ ಮತ್ತೆ ಬರೆಯಲು ಕೂತಿದ್ದ, ಈ ಸಲ ನೋಂದಣಿ ಸಂಖ್ಯೆಯಿಂದ ಶುರುಮಾಡಿ.