ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಿ

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ 125, 150 ಸಿಸಿ ಬೈಕುಗಳ ಪ್ಯಾಡ್ ಬದಲಿಸುವುದು ಮನೆಯಂಗಳದಲ್ಲೇ ಆಗುವ ಕೆಲಸ. ಮಜೂರಿ ಉಳಿಯುತ್ತದೆ, ನಿಜ. ಆದರೆ ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಏನಾಗಿದೆ ಎಂದು ನಾವೇ ಕಣ್ಣಾರೆ ನೋಡುತ್ತೇವಲ್ಲ, ನನಗೆ ಅದೇ ದೊಡ್ಡದು. ಗಾಡಿಗಳು ಸಾಲಾಗಿ ನಿಂತಿರುವ ಗ್ಯಾರೇಜಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಒರೆಸುವಷ್ಟು ಪುರಸೊತ್ತು ಎಲ್ಲರಿಗೂ ಇರುವುದಿಲ್ಲ.

ಮೊದಲು ಪ್ಯಾಡ್ ಸವೆದಿದೆಯಾ ನೋಡಿ. ಕ್ಯಾಲಿಪರ್ ಸಂದಿಗೆ ಟಾರ್ಚ್ ಬಿಟ್ಟರೆ ಕಬ್ಬಿಣದ ತಗಡಿಗೆ ಅಂಟಿಸಿದ ಕಪ್ಪು ಪದರ ಕಾಣುತ್ತದೆ. ಅದು 2 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿಬಿಡಿ. ತಗಡೇ ಡಿಸ್ಕಿಗೆ ಉಜ್ಜುವವರೆಗೆ ಬಿಟ್ಟರೆ ಡಿಸ್ಕ್ ಮೇಲೆ ಗೀರು ಬೀಳುತ್ತದೆ, ಅದರ ಬೆಲೆ ಪ್ಯಾಡಿಗಿಂತ ತುಂಬಾ ಜಾಸ್ತಿ. ಮಳೆಗಾಲದ ಕೆಸರಲ್ಲಿ ಪ್ಯಾಡ್ ಬೇಗ ಸವೆಯುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವವರು ಕಿಲೋಮೀಟರ್ ಲೆಕ್ಕ ನಂಬದೆ ಆಗಾಗ ನೋಡುತ್ತಿರಬೇಕು.

ಪ್ಯಾಡ್ ಕೊಳ್ಳುವಾಗ ಬೈಕಿನ ಮಾಡೆಲ್ ಜೊತೆ ವರ್ಷವನ್ನೂ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ, ಬ್ರೇಕ್ ವಿಷಯದಲ್ಲಿ ಅಗ್ಗದ ಡೂಪ್ಲಿಕೇಟ್ ಮಾತ್ರ ಬೇಡ.

ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಸುತ್ತ ಒರೆಸಿ, ಮುಚ್ಚಳ ಸಡಿಲ ಮಾಡಿ, ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಈ ಆಯಿಲ್ ಬಿದ್ದರೆ ಪೇಂಟ್ ಕಿತ್ತುಬರುತ್ತದೆ. ಪ್ಯಾಡ್‌ಗಳನ್ನು ಹಿಡಿದಿಡುವ ಪಿನ್ನನ್ನು ಕ್ಯಾಲಿಪರ್ ಬಿಚ್ಚುವ ಮುಂಚೆಯೇ ಸಡಿಲಿಸಿಕೊಳ್ಳಿ, ಬಿಚ್ಚಿದ ಮೇಲೆ ಕ್ಯಾಲಿಪರ್ ಕೈಯಲ್ಲಿ ಅಲ್ಲಾಡುತ್ತದೆ, ಪಾನಾ ಹಿಡಿತಕ್ಕೆ ಸಿಗಲ್ಲ. ಆಮೇಲೆ ಎರಡು ಬೋಲ್ಟ್ ತೆಗೆದು ಕ್ಯಾಲಿಪರ್ ಎಳೆದುಕೊಳ್ಳಿ. ಬ್ರೇಕ್ ಆಯಿಲ್ ಹೋಸ್ ಮೇಲೆ ಭಾರ ಬೀಳದಂತೆ ದಾರ ಕಟ್ಟಿ ಇಳಿಬಿಡಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಚಕ್ರದ ಬಳಿಯ ಸೆನ್ಸರ್ ವೈರ್ ಎಳೆಯಬೇಡಿ. ಕ್ಯಾಲಿಪರ್ ಹೊರಗಿದ್ದಾಗ ಬ್ರೇಕ್ ಲಿವರ್ ಯಾರೂ ಒತ್ತಬಾರದು, ಮಕ್ಕಳಿದ್ದರೆ ದೂರ ಕಳಿಸಿ. ಪಿಸ್ಟನ್ ಹೊರಗೆ ಹಾರಿಬಂದರೆ ಕೆಲಸ ನಮ್ಮ ಕೈ ಮೀರುತ್ತದೆ.

ಹಳೆ ಪ್ಯಾಡ್ ತೆಗೆಯುವ ಮುಂಚೆ ಸ್ಪ್ರಿಂಗ್ ತಗಡು ಕೂತಿರುವ ರೀತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪಿಸ್ಟನ್ ಸುತ್ತಲಿನ ಕೊಳೆಯನ್ನು ಸೋಪಿನ ನೀರು ಮತ್ತು ಹಳೆ ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಿ. ಪೆಟ್ರೋಲ್, ಡೀಸೆಲ್ ಹಾಕಲೇಬೇಡಿ, ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಇದೇ ಕಾರಣಕ್ಕೆ ಮಾಮೂಲಿ ಗ್ರೀಸ್ ಬೇಡ, ಸಿಲಿಕೋನ್ ಗ್ರೀಸ್ ಸವರಿ. ಪಿಸ್ಟನ್ ಸ್ವಚ್ಛವಾದ ಮೇಲೆ ಹೆಬ್ಬೆರಳಿನಿಂದ ನೇರವಾಗಿ, ನಿಧಾನವಾಗಿ ಒಳಗೆ ಒತ್ತಿ. ಆಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಉಕ್ಕುವಂತಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ.

ಇನ್ನು ಹೊಸ ಪ್ಯಾಡ್ ಕೂರಿಸಿ. ಕಪ್ಪು ಪದರ ಡಿಸ್ಕ್ ಕಡೆಗಿರಲಿ, ಎಣ್ಣೆ ಕೈಯಲ್ಲಿ ಅದನ್ನು ಮುಟ್ಟಬೇಡಿ. ಬೋಲ್ಟ್, ಪಿನ್ ಎರಡನ್ನೂ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಈಗ ಬರುವ ಹಂತವೇ ಎಲ್ಲಕ್ಕಿಂತ ಮುಖ್ಯ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಸಲ ಲಿವರ್ ಹಿಡಿದರೆ ಅದು ಸುಮ್ನೆ ಹ್ಯಾಂಡಲ್‌ವರೆಗೂ ಬರುತ್ತದೆ, ಬ್ರೇಕೇ ಇರುವುದಿಲ್ಲ, ಹಾಗೇ ಗಾಡಿ ಓಡಿಸಿದರೆ ಮೊದಲ ತಿರುವಿನಲ್ಲೇ ಅನಾಹುತ ಆಗಬಹುದು. ಗಾಡಿ ನಿಂತಲ್ಲೇ ಇರುವಾಗ ಲಿವರ್ ಗಟ್ಟಿಯಾಗುವವರೆಗೂ ಒತ್ತಿ ಬಿಡಿ, ಒತ್ತಿ ಬಿಡಿ. ಚಕ್ರ ತಿರುಗಿಸಿ ನೋಡಿ. ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ಗಮನಿಸಿ, ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಿ ಮುಚ್ಚಿ.

ಪಿಸ್ಟನ್ ಒಳಗೆ ಹೋಗದಿದ್ದರೆ, ಅದರ ಸುತ್ತ ಆಯಿಲ್ ಒಸರಿದ್ದರೆ, ಎಷ್ಟು ಒತ್ತಿದರೂ ಲಿವರ್ ಮೆತ್ತಗೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಗಾಡಿ ಓಡಿಸಿಕೊಂಡು ಹೋಗಬೇಡಿ.

ತೆಗೆದ ಎರಡು ಪ್ಯಾಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಪೂರ್ತಿ ಸವೆದು ಇನ್ನೊಂದು ದಪ್ಪಗಿದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿಲ್ಲ ಎಂದರ್ಥ, ಅದನ್ನು ಸರಿಪಡಿಸದಿದ್ದರೆ ಹೊಸದೂ ಹಾಗೇ ಸವೆಯುತ್ತದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ 200 ಕಿ.ಮೀ. ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಟ್ಟು, ಬ್ರೇಕ್ ಮೆಲ್ಲಗೆ ಹಿಡಿಯುತ್ತಾ ಓಡಿಸಿ.